ಕಹೋಒಲಾವೆ

ಪೆಸಿಫಿಕ್ ಸಾಗರದ ಹವಾಯಿ ದ್ವೀಪಸ್ತೋಮದ ಎಂಟು ಮುಖ್ಯ ದ್ವೀಪಗಳಲ್ಲಿ ಅತಿ ಚಿಕ್ಕದು. ವಿಸ್ತೀರ್ಣ ಸುಮಾರು 116 ಚ.ಕಿಮೀ. ನೆರೆಯ ಮಾವಿ ದ್ವೀಪದ ಹಲೆಆಕಲಾ ಪರ್ವತದ ಮಳೆನೆರಳಿನಲ್ಲಿರುವುದರಿಂದ ಇಲ್ಲಿ ಮಳೆ ಕಡಿಮೆ. ಹವಾಯಿಯ ಮೂಲನಿವಾಸಿಗಳು ಈ ನೆಲವನ್ನೇ ಕಡಲ ದೇವರು ಕನಲೋವನ ಮೈಯೆಂದು ನಂಬುತ್ತಾರೆ. ಪಶ್ಚಿಮದ ತುದಿಗೆ ಕೆಅಲಾಇಕಹಿಕಿ, ಅಂದರೆ ತಾಹಿತಿಯ ದಾರಿ, ಎಂದು ಹೆಸರು. ಕಲ್ಲಿನ ಬಾಚಿಗಳನ್ನು ಕಡೆಯುತ್ತಿದ್ದ ದೊಡ್ಡದೊಂದು ಗಣಿ ಪೂಉ ಮೋಇವಿ ಎಂಬಲ್ಲಿದೆ.

18ನೆಯ ಶತಮಾನದ ಕೊನೆಗೆ ಬಂದ ಆಡುಗಳು, ಆಮೇಲೆ ಬಂದ ಕುರಿ-ದನಗಳು ಹಸಿರನ್ನು ಮೇಯ್ದು ಮುಗಿಸಿದವು. ಮೇಲ್ಮಣ್ಣು ಗಾಳಿಗೆ ಹಾರಿ, ಮಳೆಗೆ ಕೊಚ್ಚಿ ಕಡಲು ಸೇರಿತು. 1941ರಲ್ಲಿ ಅಮೆರಿಕದ ಸೇನೆ ದ್ವೀಪವನ್ನು ಬಾಂಬು ದಾಳಿಯ ಅಭ್ಯಾಸಕ್ಕೆ ವಶಪಡಿಸಿಕೊಂಡಿತು. 1965ರಲ್ಲಿ ನೌಕಾಪಡೆ ಕಡಲಂಚಿನಲ್ಲಿ ಒಂದೊಂದು ಸಲಕ್ಕೆ 500 ಟನ್ ಟಿಎನ್‌ಟಿ ಸಿಡಿಸಿತು. ಆಗ ಬಿದ್ದ ಗುಂಡಿಯಲ್ಲಿ ಇಂದು ಸವಳು ನೀರು ನಿಂತಿದೆ.

1976ರ ಜನವರಿಯಲ್ಲಿ ಮೂಲನಿವಾಸಿಗಳ ಗುಂಪೊಂದು ನಿಷೇಧ ಮುರಿದು ದ್ವೀಪಕ್ಕೆ ಕಾಲಿಟ್ಟಿತು. ಪ್ರೊಟೆಕ್ಟ್ ಕಹೋಒಲಾವೆ ಓಹಾನಾ ಎಂಬ ಸಂಘಟನೆ ಬೆಳೆದದ್ದು ಈ ಹೋರಾಟದಲ್ಲೇ. ಓಹಾನಾ ಎಂದರೆ ಕುಟುಂಬ. ಮರುವರ್ಷ ಗಾಯಕ ಜಾರ್ಜ್ ಹೆಲ್ಮ್ ಮತ್ತು ಅವರ ಸಂಗಾತಿ ಕಿಮೊ ಮಿಚೆಲ್ ಇಲ್ಲಿನ ಕಡಲಲ್ಲಿ ಕಣ್ಮರೆಯಾದರು. ಬಾಂಬು ಬೀಳುತ್ತಿದ್ದ ಕಾಲದಲ್ಲೇ, 1982ರಲ್ಲಿ, ಮಳೆಬೆಳೆಯ ದೇವರು ಲೋನೋವಿನ ಮಕಹಿಕಿ ಹಬ್ಬ ಇಲ್ಲಿ ಮತ್ತೆ ನಡೆಯಿತು. ಒಣಗಿದ ನೆಲಕ್ಕೆ ಮಳೆ ತಾ ಎಂಬುದೇ ಅಲ್ಲಿನ ಬೇಡಿಕೆ. ನೆಲ ಉಳಿಸುವ ಕೆಲಸವೂ ದೇವರ ಕೆಲಸವೂ ಇಲ್ಲಿ ಬೇರೆಬೇರೆಯಾಗಿ ನಡೆಯಲಿಲ್ಲ. ಈ ಹೋರಾಟಕ್ಕೆ ಕಸುವು ತುಂಬಿದ್ದು ಅದೇ.

ಬಾಂಬು ದಾಳಿ 1990ರಲ್ಲಿ ನಿಂತಿತು. 1994ರಲ್ಲಿ ದ್ವೀಪ ಹವಾಯಿ ರಾಜ್ಯದ ಕೈಸೇರಿತು. ಶುದ್ಧೀಕರಣಕ್ಕೆ 40 ಕೋಟಿ ಡಾಲರ್ ಮಂಜೂರಾದರೂ, 2004ರಲ್ಲಿ ಆ ಕೆಲಸ ಮುಗಿಯಿತೆಂದಾಗ ನೆಲದ ಕಾಲು ಭಾಗವನ್ನು ಮುಟ್ಟಿಯೇ ಇರಲಿಲ್ಲ. ಹಾಳುಗೆಡವಿದವರು ಋಣವನ್ನು ಅರ್ಧಕ್ಕೇ ಬಿಟ್ಟರೆಂದೇ ಹೇಳಬೇಕು.

ಸಿಡಿಯದೆ ಉಳಿದ ಬಾಂಬುಗಳ ಭಯದಿಂದ ಎಷ್ಟೋ ಕಡೆ ಗುಂಡಿ ತೋಡಿ ಸಸಿ ನೆಡುವಂತಿಲ್ಲ. ಕಲ್ಲಿನಂತೆ ಗಟ್ಟಿಯಾದ ಕೆಂಪು ನೆಲದ ಮೇಲೆ ಪಿಲಿ ಹುಲ್ಲಿನ ಹೊರೆಗಳನ್ನು ಅಡ್ಡವಿಟ್ಟು, ಮಣ್ಣು ಗುಪ್ಪೆಹಾಕಿ, ಅದರಲ್ಲಿ ಸಸಿ ಊರುತ್ತಾರೆ. ಹೀಗೆ ನೆಟ್ಟವುಗಳಲ್ಲಿ ಆಅಲಿಈ ಒಂದು. ನಮ್ಮ ಚಿತ್ರದುರ್ಗದ ಕುರುಚಲು ಗುಡ್ಡಗಳಲ್ಲಿ ಬೆಳೆಯುವ ಬಂದರಿಕೆ ಗಿಡವೇ ಅದು.

ದ್ವೀಪದಲ್ಲಿ ವ್ಯಾಪಾರಕ್ಕೆ ಕಾನೂನಿನ ಅನುಮತಿಯಿಲ್ಲ. ರಾಜ್ಯ ಸರ್ಕಾರ ಇದರ ಪಾಲಕ ಮಾತ್ರ. ಹವಾಯಿ ಮೂಲನಿವಾಸಿಗಳ ಸಾರ್ವಭೌಮ ಆಡಳಿತಕ್ಕೆ ಮಾನ್ಯತೆ ದೊರೆತ ದಿನ ಅದನ್ನು ಅವರಿಗೇ ಒಪ್ಪಿಸಬೇಕು.