ಡಿ.ಎನ್.ಎ.: ಸಾಕ್ಷ್ಯದಿಂದ ಸ್ವೀಕಾರದವರೆಗೆ

ಡಿ.ಎನ್.ಎ.ಯ ಚರಿತ್ರೆಯನ್ನು ಸಾಮಾನ್ಯವಾಗಿ ೧೯೫೩ರ ಜೋಡಿ ಸುರುಳಿಯ ಮಾದರಿಯಿಂದ ಆರಂಭಿಸುವುದು ವಾಡಿಕೆ. ಆದರೆ ಅದಕ್ಕೂ ಎಂಬತ್ತನಾಲ್ಕು ವರ್ಷ ಮೊದಲೇ ಈ ವಸ್ತು ವಿಜ್ಞಾನಿಗಳ ಕೈಸೇರಿತ್ತು. ೧೮೬೯ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಫ್ರೀಡ್ರಿಕ್ ಮೀಷರ್ ಅವರು ಗಾಯದ ಪಟ್ಟಿಗಳ ಕೀವಿನಲ್ಲಿದ್ದ ಬಿಳಿ ರಕ್ತಕಣಗಳಿಂದ ರಂಜಕಯುಕ್ತ ಪದಾರ್ಥವೊಂದನ್ನು ಬೇರ್ಪಡಿಸಿ, ಅದಕ್ಕೆ 'ನ್ಯೂಕ್ಲಿನ್' ಎಂದು ಹೆಸರಿಟ್ಟರು. ವಸ್ತು ದೊರೆತು ಮುಕ್ಕಾಲು ಶತಮಾನ ಕಳೆದರೂ ಅದರ ಕಾರ್ಯವನ್ನು ವಿದ್ವತ್ಪ್ರಪಂಚ ಒಪ್ಪದೆ ಹೋದುದೇಕೆ ಎಂಬುದು ವಿಜ್ಞಾನಚರಿತ್ರೆಯ ಮುಖ್ಯ ಪ್ರಶ್ನೆಗಳಲ್ಲೊಂದು.

ಈ ವಿಳಂಬಕ್ಕೆ ಒಂದು ಪ್ರಬಲ ಕಲ್ಪನೆ ಕಾರಣವಾಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫೀಬಸ್ ಲೆವೀನ್, ಡಿ.ಎನ್.ಎ.ಯಲ್ಲಿ ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು ಸಮಪ್ರಮಾಣದಲ್ಲಿವೆಯೆಂದು ಭಾವಿಸಿದ್ದರು. ಹೀಗೆ ಏಕರೂಪವಾದ ಅಣುವೊಂದು ಜೀವಿಗಳ ಅಪಾರ ವೈವಿಧ್ಯವನ್ನು ಹೊತ್ತು ಸಾಗಿಸಲಾರದು. ಅದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದಾದ ಪ್ರೋಟೀನುಗಳ ಕೆಲಸವೇ ಸರಿ ಎಂಬ ನಂಬಿಕೆ ಬೇರೂರಿತು.

ಅದೇ ಸಂಸ್ಥೆಯಿಂದಲೇ ಈ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯವೂ ಹೊರಬಂದುದು ಗಮನಾರ್ಹ. ಸತ್ತ ರೋಗಕಾರಕ ನ್ಯುಮೋನಿಯ ಬ್ಯಾಕ್ಟೀರಿಯಗಳ ಸಂಪರ್ಕದಿಂದ ನಿರುಪದ್ರವಿ ಬ್ಯಾಕ್ಟೀರಿಯಗಳೂ ರೋಗಕಾರಕವಾಗುವುದನ್ನು ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ೧೯೨೮ರಲ್ಲಿ ತೋರಿಸಿದ್ದರು. ಆಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲಿಯೋಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿ ೧೯೪೪ರಲ್ಲಿ ಈ ಪರಿವರ್ತನೆಯ ಕಾರಕ ಡಿ.ಎನ್.ಎ. ಎಂದು ನಿರೂಪಿಸಿದರು. ಪ್ರೋಟೀನನ್ನು ಒಡೆಯುವ ಕಿಣ್ವಗಳಿಂದ ಕಾರಕದ ಶಕ್ತಿ ಕುಂದಲಿಲ್ಲ, ಡಿ.ಎನ್.ಎ.ಯನ್ನು ಒಡೆಯುವ ಕಿಣ್ವದಿಂದ ಅದು ನಾಶವಾಯಿತು. ಆದರೂ ಲೇಶಮಾತ್ರ ಪ್ರೋಟೀನು ಉಳಿದಿರಬಹುದೆಂದು ಸಹೋದ್ಯೋಗಿ ಆಲ್ಫ್ರೆಡ್ ಮಿರ್ಸ್ಕಿ ಆಕ್ಷೇಪಿಸಿದರು.

ಏವರಿಯವರ ಪ್ರಬಂಧದಿಂದ ಪ್ರೇರಿತರಾದ ಎರ್ವಿನ್ ಚಾರ್ಗಾಫ್, ಪ್ರತ್ಯಾಮ್ಲಗಳ ಪ್ರಮಾಣವು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವುದನ್ನೂ, ಅಡೆನಿನ್ ಥೈಮಿನ್‌ಗೆ, ಗ್ವಾನಿನ್ ಸೈಟೊಸಿನ್‌ಗೆ ಸರಿಸಮವಾಗಿರುವುದನ್ನೂ ೧೯೫೦ರ ವೇಳೆಗೆ ತೋರಿಸಿದರು. ಲೆವೀನ್‌ರ ಕಲ್ಪನೆ ಕುಸಿಯಿತು. ೧೯೫೨ರಲ್ಲಿ ಆಲ್ಫ್ರೆಡ್ ಹರ್ಷೆ ಮತ್ತು ಮಾರ್ಥಾ ಚೇಸ್, ವಿಕಿರಣಶೀಲ ರಂಜಕ ಹಾಗೂ ಗಂಧಕಗಳನ್ನು ಬಳಸಿ, ವೈರಸ್ಸಿನಿಂದ ಬ್ಯಾಕ್ಟೀರಿಯದೊಳಗೆ ಪ್ರವೇಶಿಸುವುದು ಮುಖ್ಯವಾಗಿ ಡಿ.ಎನ್.ಎ. ಎಂದು ಕಂಡುಕೊಂಡರು. ಈ ಪ್ರಯೋಗದಲ್ಲಿ ಬೆರೆತುಳಿದ ಪ್ರೋಟೀನಿನ ಅಂಶ ಏವರಿಯವರ ಸಾರದಲ್ಲಿದ್ದುದಕ್ಕಿಂತ ಹೆಚ್ಚು. ಆದರೂ ಅದು ಬೇಗನೆ ಮನ್ನಣೆ ಪಡೆಯಿತು. ಅಷ್ಟರಲ್ಲಿ ನೆಲ ಹದಗೊಂಡಿತ್ತು.

ರಚನೆಯ ಶೋಧವೂ ಒಬ್ಬಿಬ್ಬರದಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ರೇಮಂಡ್ ಗಾಸ್ಲಿಂಗ್ ೧೯೫೨ರ ಮೇ ತಿಂಗಳಲ್ಲಿ ತೆಗೆದ ಕ್ಷ-ಕಿರಣ ಚಿತ್ರವನ್ನು ಮಾರಿಸ್ ವಿಲ್ಕಿನ್ಸ್ ಮರುವರ್ಷ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್‌ರ ಅಳತೆಗಳಿದ್ದ ವರದಿಯೂ ಕೇಂಬ್ರಿಜ್ ತಲುಪಿತು. ಇವುಗಳ ಮತ್ತು ಚಾರ್ಗಾಫ್ ನಿಯಮದ ಬೆಂಬಲದಿಂದ ವಾಟ್ಸನ್ ಹಾಗೂ ಫ್ರಾನ್ಸಿಸ್ ಕ್ರಿಕ್ ರೂಪಿಸಿದ ಮಾದರಿ ೧೯೫೩ರ ಏಪ್ರಿಲ್ ೨೫ರಂದು 'ನೇಚರ್' ಪತ್ರಿಕೆಯಲ್ಲಿ, ಕಿಂಗ್ಸ್ ಕಾಲೇಜಿನ ಎರಡು ಪ್ರಬಂಧಗಳೊಡನೆ ಪ್ರಕಟವಾಯಿತು. ಒಂದು ಎಳೆಯ ಅನುಕ್ರಮ ಇನ್ನೊಂದನ್ನು ನಿರ್ಧರಿಸುವುದರಿಂದ, ಪ್ರತೀಕರಣದ ವಿಧಾನವು ರಚನೆಯಲ್ಲಿಯೇ ಅಡಗಿತ್ತು. ೧೯೫೮ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಅದನ್ನು ಪ್ರಯೋಗದಿಂದ ಸಮರ್ಥಿಸಿದರು.

೧೯೬೨ರ ನೊಬೆಲ್ ಪುರಸ್ಕಾರ ವಾಟ್ಸನ್, ಕ್ರಿಕ್ ಮತ್ತು ವಿಲ್ಕಿನ್ಸ್‌ರಿಗೆ ಸಂದಿತು. ಏವರಿ ೧೯೫೫ರಲ್ಲಿ, ಫ್ರಾಂಕ್ಲಿನ್ ೧೯೫೮ರಲ್ಲಿ ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಫ್ರಾಂಕ್ಲಿನ್ ಈ ಶೋಧದ ಸಮಾನ ಪಾಲುದಾರರೆಂದು ಮ್ಯಾಥ್ಯೂ ಕಾಬ್ ಮತ್ತು ನಥಾನಿಯಲ್ ಕಂಫರ್ಟ್ ೨೦೨೩ರಲ್ಲಿ ದಾಖಲೆಗಳ ಆಧಾರದಿಂದ ವಾದಿಸಿದರು. ಪ್ರಯೋಗಶಾಲೆಯಲ್ಲಿ ಸತ್ಯ ದೊರೆತರಷ್ಟೇ ಸಾಲದು. ಅದನ್ನು ಕಾಣಗೊಡದ ಕಲ್ಪನೆಯೂ ತೊಲಗಬೇಕು ಎಂಬುದಕ್ಕೆ ಡಿ.ಎನ್.ಎ.ಯ ಚರಿತ್ರೆ ಪ್ರಬಲ ನಿದರ್ಶನವಾಗಿದೆ.