ಮಾಯಿದ ಹುಣ್ಣಿನ ಸಾಕ್ಷ್ಯ

ಪೆನಿಸಿಲಿನ್ ಕೊಟ್ಟರೆ ಸಿಫಿಲಿಸ್ ವಾಸಿಯಾಗುತ್ತದೆಂದು ಅಮೆರಿಕದ ಜಾನ್ ಮಹೋನಿ ನಾಲ್ವರು ರೋಗಿಗಳಲ್ಲಿ ತೋರಿಸಿಕೊಟ್ಟದ್ದು 1943ರಲ್ಲಿ. 1950ರ ದಶಕದಲ್ಲಿ ಆ ಔಷಧ ನಮ್ಮ ದೇಶದ ಪಿಂಪ್ರಿಯ ಸರ್ಕಾರಿ ಕಾರ್ಖಾನೆಯಲ್ಲೇ ತಯಾರಾಗತೊಡಗಿತು. ಆದರೂ ನಮ್ಮ ತಾಲ್ಲೂಕು ಪಟ್ಟಣಗಳ ಬಸ್ ನಿಲ್ದಾಣದ ಗೋಡೆಗಳಿಂದ ‘ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ’ ಎಂಬ ಬರಹ ಅಳಿಯಲಿಲ್ಲ. ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ರೂಮು ಹಿಡಿದು ಕೂರುವ ವೈದ್ಯನಿಗೆ ಗಿರಾಕಿಯೂ ತಪ್ಪಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳ ಗಂಡಸರು ಖಚಿತವಾದ ಮದ್ದು ಸಿಕ್ಕ ಮೇಲೂ ಖಚಿತವಲ್ಲದ್ದನ್ನು ಏಕೆ ನಂಬಿದರು? ನಾಚಿಕೆ, ತಿಳಿವಳಿಕೆಯ ಕೊರತೆ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಅದು ಸುಳ್ಳಲ್ಲ, ಆದರೆ ಸಾಲದು. ಈ ರೋಗಗಳು ತಾವಾಗಿಯೇ ಮರೆಗೆ ಸರಿಯುತ್ತವೆ; ಆ ಕಾರಣಕ್ಕೇ ಕೈಗೆ ಬಂದ ಮದ್ದನ್ನೆಲ್ಲ ಅವು ಗೆಲ್ಲಿಸಿಬಿಡುತ್ತವೆ ಎಂಬುದು ನನ್ನ ವಾದ.

ಸಿಫಿಲಿಸ್ಸಿನ ನಡೆಯನ್ನೇ ನೋಡಿ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಜನನಾಂಗದ ಮೇಲೆ ಗಟ್ಟಿಯಾದ ಒಂದು ಹುಣ್ಣು ಏಳುತ್ತದೆ. ಸಾಮಾನ್ಯವಾಗಿ ಅದಕ್ಕೆ ನೋವಿಲ್ಲ. ಏನೂ ಮಾಡದೆ ಬಿಟ್ಟರೂ ಮೂರರಿಂದ ಆರು ವಾರದೊಳಗೆ ಮಾಯುತ್ತದೆ. ಆಮೇಲೆ ಅಂಗೈ ಅಂಗಾಲುಗಳಲ್ಲೂ ಕಾಣಿಸಿಕೊಳ್ಳಬಹುದಾದ ಗಂದೆ, ಅದೂ ಹೋಗುತ್ತದೆ. ರೋಗ ಮಾತ್ರ ವರ್ಷಗಟ್ಟಲೆ ರಕ್ತನಾಳದಲ್ಲೋ ನರಮಂಡಲದಲ್ಲೋ ಅಡಗಿರಬಲ್ಲದು. ಆಸ್ಲೋ ನಗರದಲ್ಲಿ 1890ರ ದಶಕದಿಂದ ಸುಮಾರು ಎರಡು ದಶಕ ಕಾಲ ಬೋಕ್ ಎಂಬ ವೈದ್ಯ ಪಾದರಸದ ಚಿಕಿತ್ಸೆಯನ್ನು ನಂಬದೆ ರೋಗಿಗಳನ್ನು ಮದ್ದಿಲ್ಲದೆ ಇರಿಸಿಕೊಂಡಿದ್ದ. ಮುಂದೆ ಅವರ ದಾಖಲೆಗಳನ್ನು ಹಿಂಬಾಲಿಸಿ ನೋಡಿದಾಗ, ಕೊನೆಯ ಹಂತದ ತೊಂದರೆಗೆ ಸಿಕ್ಕವರು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಉಳಿದವರಿಗೆ ಅಂದು ಯಾರಾದರೂ ಬೇರೊಂದನ್ನು ಅರೆದು ಕುಡಿಸಿದ್ದರೆ, ಅದೇ ತಮ್ಮನ್ನು ಕಾಪಾಡಿತೆಂದು ಅವರು ಸಾಯುವತನಕ ಹೇಳುತ್ತಿದ್ದರು. ಹದಿನಾರನೆಯ ಶತಮಾನದ ಭಾವಮಿಶ್ರ ಈ ರೋಗವನ್ನು ಫಿರಂಗರೋಗವೆಂದು ವರ್ಣಿಸಿ ರಸಕರ್ಪೂರವನ್ನೂ ಚೋಪಚೀನಿಯನ್ನೂ, ಅಂದರೆ ನಮ್ಮ ಪರಂಗಿ ಚಕ್ಕೆಯನ್ನೂ ಹೇಳಿದ. ಯುರೋಪಿನ ಆಸ್ಪತ್ರೆಗಳಲ್ಲೂ ನಾಲ್ಕು ಶತಮಾನ ನಡೆದದ್ದು ಪಾದರಸದ ಆಳ್ವಿಕೆಯೇ. ಬಾಯಲ್ಲಿ ಹುಣ್ಣೆದ್ದು, ಜೊಲ್ಲು ಸುರಿದು, ಹಲ್ಲು ಸಡಿಲಗೊಂಡರೂ ಜನ ಅದನ್ನು ಬಿಡಲಿಲ್ಲ. ಹುಣ್ಣು ಕಣ್ಣೆದುರಿಗೇ ಮಾಯುತ್ತಿತ್ತಲ್ಲ! ಹಾಗಾಗಿ ನಮ್ಮ ಪಂಡಿತರನ್ನಷ್ಟೇ ಅಜ್ಞಾನಿಗಳೆಂದು ಜರೆಯುವುದು ಅನ್ಯಾಯ.

ಗೊನೊರಿಯಾ ಅಷ್ಟು ಮೌನಿಯಲ್ಲ. ಎರಡರಿಂದ ಏಳು ದಿನದೊಳಗೆ ಉರಿಮೂತ್ರ, ಬಟ್ಟೆಗೆ ಅಂಟುವ ಕೀವು. ಆದರೆ ಈ ಬಯಲುಸೀಮೆಯಲ್ಲಿ ಉರಿಮೂತ್ರಕ್ಕೆ ಬೇರೆ ಕಾರಣಗಳೂ ಇದ್ದವು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದವನಿಗೂ ಉರಿ ಬರುತ್ತದೆ; ‘ಉಷ್ಣ ಆಗಿದೆ’ ಎಂದರೆ ಮುಗಿಯಿತು, ಎಳನೀರು, ಬಾರ್ಲಿ ಗಂಜಿ, ಕಾಮಕಸ್ತೂರಿ ಬೀಜ. ಕನ್ನಡ ತೆಲುಗು ಬೆರೆತ ಈ ನಾಡಿನಲ್ಲಿ ಈ ರೋಗಕ್ಕಿರುವ ತೆಲುಗಿನ ‘ಸೆಗ’ ಎಂಬ ಮಾತೂ ಶಾಖವನ್ನೇ ದೂರುತ್ತದೆ. ಎಳನೀರು ಕುಡಿದವನಿಗೆ ಕೆಲವು ವಾರಗಳಲ್ಲಿ ಕೀವು ಕಡಿಮೆಯಾದರೂ ಸೋಂಕು ಹೆಂಡತಿಗೆ ದಾಟಿರುತ್ತಿತ್ತು. ಹೆಂಗಸಿನಲ್ಲಿ ಇದು ಅನೇಕ ಸಲ ಯಾವ ಚಿಹ್ನೆಯನ್ನೂ ತೋರದೆ ಗರ್ಭನಾಳವನ್ನು ಕೆಡಿಸಬಲ್ಲದು. ಮಕ್ಕಳಾಗಲಿಲ್ಲವೆಂಬ ನಿಂದೆ ಹೊತ್ತವಳು ಅವಳು. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಈ ಸಂಗತಿಯೇ.

ಇದೆಲ್ಲ ದಂಡಿನ ರೋಗ, ನಮ್ಮ ಹಳ್ಳಿಗಳಿಗೇನು ಸಂಬಂಧ ಎಂದು ಆಕ್ಷೇಪಿಸುವವರಿದ್ದಾರೆ. 1809ರಲ್ಲಿ ಬೆಂಗಳೂರಿನ ದಂಡು ನೆಲೆಗೊಂಡದ್ದೂ, 1868ರ ಸಾಂಕ್ರಾಮಿಕ ರೋಗ ಕಾಯ್ದೆ ದೇಶದ ಹಲವು ಪಟ್ಟಣಗಳಲ್ಲಿ ವೇಶ್ಯೆಯರನ್ನು ಹಿಡಿದು ತಪಾಸಣೆ ಮಾಡಿಸಿದ್ದೂ ನಿಜ. ಅವರ ಬಳಿಗೆ ಹೋದ ಗಂಡಸರನ್ನು ಆ ಕಾಯ್ದೆ ಮುಟ್ಟಲಿಲ್ಲ; 1888ರಲ್ಲಿ ರದ್ದಾಯಿತು. ರೋಗವನ್ನು ಒಂದು ಬಗೆಯ ಹೆಂಗಸರ ಹೆಗಲಿಗೆ ಹೊರಿಸಿ ಗಂಡಸನ್ನು ದಾಖಲೆಯಿಂದ ಆಚೆಗಿಡುವ ರೂಢಿ ಮಾತ್ರ ಉಳಿಯಿತು. ಊರುಗಳಾದರೂ ಒಂಟಿಯಾಗಿ ಕೂತಿರಲಿಲ್ಲ. ಗೌರಿಬಿದನೂರಿಗೆ ಹಿಂದೂಪುರದ ರೈಲು ಬಂತು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಕೋಲಾರದ ಸಣ್ಣ ರೈಲು ಬೆಸೆಯಿತು; ರೇಷ್ಮೆಗೂಡಿನ ಸಂತೆಗೂ ಹೈದರಾಬಾದಿನ ಹೆದ್ದಾರಿಗೂ ಜನ ಬರುತ್ತ ಹೋಗುತ್ತ ಇದ್ದರು. ಜನ ಓಡಾಡುವಲ್ಲಿ ಈ ಸೋಂಕುಗಳೂ ಓಡಾಡುತ್ತವೆ.

ನಿಜವಾದ ತಿರುವು ಬಂದದ್ದು ಎಚ್‌ಐವಿಯ ಭಯದಿಂದ. 1992ರ ನಂತರ ಲೈಂಗಿಕ ರೋಗಗಳ ಚಿಕಿತ್ಸೆ ಏಡ್ಸ್ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳು ಬಂದವು. ಕೀವಿಗೆ ಬೂದು ಬಣ್ಣದ ಕಿಟ್, ನೋವಿಲ್ಲದ ಹುಣ್ಣಿಗೆ ಪೆನಿಸಿಲಿನ್ ಇರುವ ಬಿಳಿ ಕಿಟ್, ನೀರುಗುಳ್ಳೆಯ ಹರ್ಪಿಸ್‌ಗೆ ಕೆಂಪು ಕಿಟ್. ಪರೀಕ್ಷೆಯಿಲ್ಲದೆ ಲಕ್ಷಣ ನೋಡಿ ಮಾತ್ರೆ ಕೊಡುವುದು ಲಾಡ್ಜಿನ ವೈದ್ಯನ ದಾರಿಯೇ ಅಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ದೊಡ್ಡದು. ಬೂದು ಕಿಟ್ಟಿನ ಮಾತ್ರೆಗಳು ಗೊನೊರಿಯಾ, ಅದರಂಥದೇ ಸೋಂಕಾದ ಕ್ಲಮಿಡಿಯಾ ಎರಡನ್ನೂ ಒಟ್ಟಿಗೆ ಗುರಿಯಿಡುತ್ತವೆ. ಸಂಗಾತಿಯನ್ನೂ ಕರೆತರಲು ಹೇಳುತ್ತಾರೆ. ಸಿಫಿಲಿಸ್ಸಿಗೂ ಎಚ್‌ಐವಿಗೂ ರಕ್ತಪರೀಕ್ಷೆ ಮಾಡುತ್ತಾರೆ. ಆದರೆ ಚಿಹ್ನೆಯೇ ಇಲ್ಲದ ಸೋಂಕನ್ನು ಈ ಪದ್ಧತಿ ಬಿಟ್ಟುಬಿಡುತ್ತದೆ ಎಂಬ ಟೀಕೆಗೆ ನಾನು ತಲೆಬಾಗುತ್ತೇನೆ. ಕ್ಲಮಿಡಿಯಾ ಎಷ್ಟೋ ಗಂಡಸರಲ್ಲಿ ಸುಳಿವನ್ನೇ ಕೊಡುವುದಿಲ್ಲ. ಇನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ನುಂಗುವ ಇಂದಿನ ದಾರಿ ಹಳೆಯ ತಪ್ಪನ್ನೇ ಮುಂದುವರಿಸುತ್ತದೆ: ಒಂದು ಕಾಲಕ್ಕೆ ಗೊನೊರಿಯಾಕ್ಕೆ ಸಾಕಾಗುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ಅದರ ಮೇಲೆ ನಡೆಯುವುದಿಲ್ಲ.

ಆರಂಭದ ಹಂತದ ಸಿಫಿಲಿಸ್ಸಿಗೆ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಒಂದೇ ಸಲ ಕೊಟ್ಟರೆ ಸಾಕು. ವಾಸಿಯಾಯಿತೇ ಎಂಬುದನ್ನು ತಿಂಗಳುಗಳ ನಂತರ ಮತ್ತೆ ಮಾಡುವ ರಕ್ತಪರೀಕ್ಷೆ ಹೇಳುತ್ತದೆ. ಹುಣ್ಣು ಮಾಯಿತೆಂದು ಸುಮ್ಮನಾಗಬೇಡಿ, ಸರ್ಕಾರಿ ಆಸ್ಪತ್ರೆಗೆ ಹೆಂಡತಿಯ ಜೊತೆಗೇ ಹೋಗಿ ರಕ್ತ ಕೊಡಿ. ಹೋಗುವ ಮೊದಲು ಕೇಳಬೇಕಾದದ್ದಿದ್ದರೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.