ಊರಿನ ಆಸ್ಪತ್ರೆಯ ಮಾಹಿತಿ ಯಾರನ್ನು ತಲುಪುತ್ತದೆ? ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕುರಿತು ಒಂದು ಟಿಪ್ಪಣಿ

ಆರೋಗ್ಯದ ವಿಚಾರದಲ್ಲಿ ಸರ್ಕಾರ ಜನರಿಗೆ ಹೇಳಬೇಕಾದ ಮಾತು ಎರಡು ಬಗೆಯದು. ಕೈ ತೊಳೆಯಿರಿ, ನೀರು ಕಾಯಿಸಿ ಕುಡಿಯಿರಿ, ಸೊಳ್ಳೆ ಬೆಳೆಯಲು ಬಿಡಬೇಡಿ ಎಂಬುದು ಒಂದು. ಯಾವ ತೊಂದರೆಗೆ ಎಲ್ಲಿಗೆ ಹೋಗಬೇಕು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಾಗದ ಹಿಡಿದುಕೊಂಡು, ದುಡ್ಡು ಬೇಕೋ ಬೇಡವೋ, ಅಲ್ಲಿ ಸಿಗದಿದ್ದರೆ ಮುಂದೆಲ್ಲಿಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗೋಡೆ ಬರಹ, ಜಾಥಾ, ಬೀದಿನಾಟಕ, ಭಿತ್ತಿಪತ್ರ ಎಲ್ಲವೂ ಇವೆ. ಎರಡನೆಯದಕ್ಕೆ ಇರುವುದು ಬಹುಮಟ್ಟಿಗೆ ಆಸ್ಪತ್ರೆಯ ಗೋಡೆಯ ಮೇಲಿನ ಒಂದು ಫಲಕ. ಈ ಟಿಪ್ಪಣಿ ಎರಡನೆಯದನ್ನು ಕುರಿತದ್ದು. ಇದರಲ್ಲಿ ನಾನು ವಾದಿಸುವುದು ಇಷ್ಟು: ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ, ಮಾಹಿತಿಯನ್ನು ಪ್ರಕಟಿಸುವ ಹೊಣೆಯನ್ನು ಕಾನೂನು ಹಂಚಿದೆ, ಅದು ಮುಟ್ಟಿತೇ ಎಂದು ನೋಡುವ ಹೊಣೆ ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಮೊದಲು ಕಾನೂನನ್ನು ನೋಡೋಣ. 2005ರ ಮಾಹಿತಿ ಹಕ್ಕು ಅಧಿನಿಯಮ ಎಂದೊಡನೆ ನಮಗೆ ಅರ್ಜಿ ಹಾಕುವುದು ನೆನಪಾಗುತ್ತದೆ. ಆದರೆ ಅದರ 4ನೇ ಸೆಕ್ಷನ್ ಅರ್ಜಿಯೇ ಇಲ್ಲದೆ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತಾನಾಗಿ ಪ್ರಕಟಿಸಬೇಕಾದ 17 ಬಗೆಯ ಮಾಹಿತಿಯನ್ನು ಪಟ್ಟಿ ಮಾಡುತ್ತದೆ. ಅದೇ ಸೆಕ್ಷನ್ನಿನ ನಾಲ್ಕನೆಯ ಉಪಸೆಕ್ಷನ್ ಹೆಚ್ಚು ಗಮನ ಪಡೆಯದ ಒಂದು ಮಾತನ್ನು ಹೇಳುತ್ತದೆ. ಮಾಹಿತಿಯನ್ನು ಹರಡುವಾಗ ಖರ್ಚು, ಸ್ಥಳೀಯ ಭಾಷೆ, ಆ ಪ್ರದೇಶದಲ್ಲಿ ಅತಿ ಪರಿಣಾಮಕಾರಿಯಾದ ಸಂವಹನ ವಿಧಾನ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹರಡುವುದು ಎಂದರೇನು ಎಂಬುದಕ್ಕೂ ವಿವರಣೆಯಿದೆ. ಸೂಚನಾ ಫಲಕ, ಪತ್ರಿಕೆ, ಅಂತರ್ಜಾಲದ ಜೊತೆಗೆ ಸಾರ್ವಜನಿಕ ಘೋಷಣೆಯೂ ಅಲ್ಲಿದೆ. ಎಂದರೆ ಹಳ್ಳಿಯಲ್ಲಿ ಡಂಗುರ ಸಾರುವುದು, ಆಟೋದ ಮೈಕಿನಲ್ಲಿ ಕೂಗಿ ಹೇಳುವುದು ಈ ಕಾನೂನಿನ ಒಳಗೇ ಬರುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಇನ್ನೂ ಮುಂದೆ ಹೋಗಿ, ಬ್ರೈಲ್, ಸಂಜ್ಞೆ, ದೊಡ್ಡಕ್ಷರ, ಧ್ವನಿ, ಸರಳ ಭಾಷೆ, ಓದಿ ಹೇಳುವ ಮನುಷ್ಯ ಇವೆಲ್ಲವನ್ನೂ ಸಂವಹನದ ವ್ಯಾಖ್ಯೆಯೊಳಗೆ ಸೇರಿಸಿದೆ. 2007ರಲ್ಲಿ ಬಂದು 2012ರಲ್ಲೂ 2022ರಲ್ಲೂ ಪರಿಷ್ಕಾರಗೊಂಡ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಆರೋಗ್ಯ ಕೇಂದ್ರಗಳಲ್ಲಿ ಸಿಗುವ ಸೇವೆಗಳನ್ನು ಸಾರುವ ನಾಗರಿಕ ಸನ್ನದಿನ ಫಲಕವನ್ನು ಸ್ಥಳೀಯ ಭಾಷೆಯಲ್ಲಿ ತೂಗುಹಾಕಬೇಕೆಂದು ಬಯಸುತ್ತವೆ.

ಫಲಕವನ್ನು ಓದಬೇಕಾದವರು ಯಾರು? 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36, ಹೆಂಗಸರದು ಶೇ 68.08. ಈ ಸರಾಸರಿಯನ್ನು ನಂಬಿ ಯೋಜನೆ ಮಾಡಿದರೆ ಯಾದಗಿರಿಯಂಥ ಜಿಲ್ಲೆ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಒಟ್ಟು ಸಾಕ್ಷರತೆ ಶೇ 52ರ ಆಸುಪಾಸು, ಹೆಂಗಸರಲ್ಲಿ ಶೇ 41ರಷ್ಟು. ಅಂಥ ಕಡೆ ಹೆರಿಗೆ ಸೌಲಭ್ಯದ ಫಲಕವನ್ನು ಬರಹದಲ್ಲಷ್ಟೇ ಬರೆಸಿದರೆ, ಯಾರಿಗಾಗಿ ಅದನ್ನು ಬರೆಸಿದರೋ ಅವರಲ್ಲೇ ಬಹಳ ಮಂದಿಗೆ ಅದು ಗೋಡೆಯ ಬಣ್ಣವಷ್ಟೇ. ಭಾಷೆಯ ಲೆಕ್ಕವೂ ಹೀಗೆಯೇ. ರಾಜ್ಯದಲ್ಲಿ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು ಮೂರನೇ ಎರಡು ಪಾಲು. ಉಳಿದ ಮೂರನೇ ಒಂದರಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ ಎಲ್ಲ ಇವೆ. ಲಂಬಾಣಿಗರ ಮಾತನ್ನು ಜನಗಣತಿ ಹಿಂದಿಯ ಕೆಳಗೆ ಸೇರಿಸಿ ಎಣಿಸುತ್ತದೆ. ಭಾಷಾ ಕೋಷ್ಟಕವನ್ನು ಮೇಲೆ ಮೇಲೆ ನೋಡುವ ಅಧಿಕಾರಿಗೆ ತನ್ನ ತಾಲ್ಲೂಕಿನಲ್ಲಿ ತಾಂಡಾಗಳ ಮಾತು ಎಷ್ಟಿದೆ ಎಂಬುದು ಕಾಣಿಸುವುದೇ ಇಲ್ಲ. ಅದೇ ಗಣತಿಯಲ್ಲಿ ರಾಜ್ಯದ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಅಂಗವಿಕಲತೆ ಇದೆಯೆಂದು ದಾಖಲಾಗಿದೆ. ಕಾನೂನು ಗುರುತಿಸುವ ಅಂಗವಿಕಲತೆಗಳು 21 ಆದದ್ದು 2016ರಲ್ಲಿ. ಈ ಗಣತಿ ಅದಕ್ಕಿಂತ ಹಿಂದಿನದು. ಹಾಗಾಗಿ ಇದನ್ನು ಕನಿಷ್ಠ ಸಂಖ್ಯೆ ಎಂದೇ ಹಿಡಿಯಬೇಕು.

ಮಾಹಿತಿಯ ಬೆಲೆ ಎಷ್ಟೆಂದು ತಿಳಿಯಲು ನಾಯಿ ಕಡಿತಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು. ರೇಬಿಸ್ ಲಕ್ಷಣ ತೋರಿದ ಮೇಲೆ ಬಹುಪಾಲು ಯಾರೂ ಉಳಿಯುವುದಿಲ್ಲ. ಅದಕ್ಕೆ ಮೊದಲು ಸರಿಯಾಗಿ ಆರೈಕೆ ಸಿಕ್ಕರೆ ಬಹುಪಾಲು ಯಾರೂ ಸಾಯಬೇಕಾಗಿಲ್ಲ. ಇಂಥ ಕಡೆ ಒಂದೊಂದು ವಿವರವೂ ಜೀವದ ಪ್ರಶ್ನೆ. ಗಾಯವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು ಎಂಬುದು ಆರೋಗ್ಯ ಶಿಕ್ಷಣದ ಮಾತು. ಅದು ಅಷ್ಟಿಷ್ಟು ಜನರಿಗೆ ಗೊತ್ತಿದೆ. ಆಮೇಲಿನದೆಲ್ಲ ಸೇವೆಯ ಮಾಹಿತಿ. ಚರ್ಮದ ಪದರದೊಳಗೆ ಕೊಡುವ ಲಸಿಕೆಯ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು 3, 7 ಮತ್ತು 28ನೇ ದಿನ ಮತ್ತೆ ಬರಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಇಮ್ಯುನೊಗ್ಲಾಬ್ಯುಲಿನ್ ಎಂಬ ಬೇರೆ ಚುಚ್ಚುಮದ್ದನ್ನು ಗಾಯಕ್ಕೇ ಕೊಡಬೇಕು. ಮೊದಲ ಲಸಿಕೆಯ ದಿನ ಅದು ಸಿಗದಿದ್ದರೆ ಏಳು ದಿನದೊಳಗಾದರೂ ಸಿಗಬೇಕು, ಆಮೇಲೆ ಕೊಟ್ಟು ಪ್ರಯೋಜನವಿಲ್ಲ. ಇದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇರುವುದಿಲ್ಲ.

ಹಾಗಾದರೆ ಮಗುವಿಗೆ ನಾಯಿ ಕಚ್ಚಿದ ತಾಯಿಗೆ ಗೊತ್ತಿರಬೇಕಾದದ್ದು: ನಮ್ಮ ಪಿಎಚ್‌ಸಿಯಲ್ಲಿ ಇವತ್ತು ಲಸಿಕೆ ಇದೆಯೇ? ಇನ್ನೊಂದು ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆಯೇ, ಜಿಲ್ಲಾ ಆಸ್ಪತ್ರೆಗೇ ಹೋಗಬೇಕೇ? ಮೂರನೆಯ ದಿನ ಭಾನುವಾರ ಬಿದ್ದರೆ ಎಲ್ಲಿ ಕೊಡುತ್ತಾರೆ? ಕೂಲಿಗೆಂದು ಬೇರೆ ಊರಿಗೆ ಹೋದರೆ ಉಳಿದ ಡೋಸ್ ಅಲ್ಲಿ ಹಾಕಿಸಬಹುದೇ? ನಾಗರಿಕ ಸನ್ನದಿನ ಸಾಮಾನ್ಯ ಮಾದರಿಯಲ್ಲಿ ಇದಕ್ಕೆ ಸಿಗುವ ಉತ್ತರ ‘ರೇಬಿಸ್ ನಿರೋಧಕ ಲಸಿಕೆ ಲಭ್ಯ’ ಎಂಬಂಥ ಒಂದು ಸಾಲು. ಆ ಸಾಲು ಸುಳ್ಳಲ್ಲ. ಆದರೆ ಅದರಿಂದ ಆ ತಾಯಿ ಯಾವ ತೀರ್ಮಾನವನ್ನೂ ಮಾಡಲಾರಳು. ಸೇವಾ ಮಾಹಿತಿಯನ್ನು ಪರೀಕ್ಷಿಸುವ ಸರಿಯಾದ ಅಳತೆ ಇದೇ ಎಂದು ನನಗನ್ನಿಸುತ್ತದೆ: ಅದನ್ನು ಕೇಳಿದವರು ಮುಂದಿನ ಹೆಜ್ಜೆ ಇಡಬಲ್ಲರೇ?

ಬಡವರಿಗೆ ದುಡ್ಡಿನ ರೂಪದಲ್ಲಿ ಪೆಟ್ಟು ಕೊಡುವ ಇನ್ನೊಂದು ವಿಚಾರ ರೆಫರಲ್ ಚೀಟಿಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ಅದು ಭರಿಸುತ್ತದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಸ್ಥಿತಿಗೆ ಬೇಡ. ನಿಯಮ ಇಷ್ಟೇ. ಆದರೆ ಸೇರಿದ ಮೇಲೆ ಇದನ್ನು ತಿಳಿದವರಿಗೆ ಆ 5 ಲಕ್ಷದ ಭರವಸೆ ಕೈಗೆ ಸಿಗದು. ರೆಫರಲ್‌ನ ಈ ಒಂದು ನಿಯಮವನ್ನು ಪಡಿತರದ ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ ತಿಂಗಳಿಗೊಮ್ಮೆ ಓದಿ ಹೇಳುವುದಕ್ಕೆ ಖರ್ಚೇನೂ ಇಲ್ಲ.

ಬಾಯಿಮಾತಿನ ದಾರಿ ಎಂದರೆ ನಮ್ಮಲ್ಲಿ ಆಶಾ ಕಾರ್ಯಕರ್ತೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಇವರನ್ನು ನೇಮಿಸಿತು. ತಾಯಿ ಕಾರ್ಡಿನ ಬಗ್ಗೆಯೋ ಪ್ರತಿ ತಿಂಗಳ 9ರಂದು ನಡೆಯುವ ಬಸುರಿಯರ ವಿಶೇಷ ತಪಾಸಣೆಯ ಬಗ್ಗೆಯೋ ಹಳ್ಳಿಯ ಹೆಂಗಸಿಗೆ ತಿಳಿದಿದ್ದರೆ ಅದರ ಶ್ರೇಯಸ್ಸು ಬಹುಪಾಲು ಇವರದೇ. ಅವರ ಪ್ರೋತ್ಸಾಹಧನ ಹೆರಿಗೆ, ಲಸಿಕೆಯಂಥ ಎಣಿಸಬಹುದಾದ ಕೆಲಸಗಳಿಗೆ ಅಂಟಿಕೊಂಡಿದೆ. ಒಂಟಿ ಮುದುಕನಿಗೋ, ಕಿವಿ ಕೇಳಿಸದ ಯುವಕನಿಗೋ, ಇಟ್ಟಿಗೆ ಭಟ್ಟಿಯ ವಲಸೆ ಕುಟುಂಬಕ್ಕೋ ಆಸ್ಪತ್ರೆಯ ದಾರಿ ಹೇಳಿದ್ದು ಯಾವ ಲೆಕ್ಕದಲ್ಲೂ ಸೇರದು. ಕಬ್ಬು ಕಡಿಯಲು ಬಂದವರು, ಕೊಡಗಿನ ಕಾಫಿ ತೋಟಕ್ಕೆ ದೂರದ ರಾಜ್ಯಗಳಿಂದ ಬಂದವರು ಎಷ್ಟೋ ಸಲ ಆಶಾ ಕಾರ್ಯಕರ್ತೆಯ ದಾಖಲೆ ಪುಸ್ತಕದ ಹೊರಗೇ ಉಳಿಯುತ್ತಾರೆ.

ಇಲ್ಲಿಯೇ ಒಂದು ಕೈತಪ್ಪಿದ ಅವಕಾಶವನ್ನೂ ಹೇಳಬೇಕು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಸ್ವತಃ ವಿಕಲಚೇತನರು. ಯಾವ ಮನೆಯಲ್ಲಿ ಯಾರಿಗೆ ಕಣ್ಣು ಕಾಣುವುದಿಲ್ಲ, ಯಾರಿಗೆ ಕಿವಿ ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಬಿಪಿ, ಶುಗರ್ ಇದೆ ಎಂಬುದು ಆಶಾಗೆ ಗೊತ್ತು. ಇವರಿಬ್ಬರು ಎರಡು ಇಲಾಖೆಗಳವರು. ಬಸುರಿಯೂ ಕಿವುಡಿಯೂ ಆದ ಹೆಂಗಸಿಗೆ ಇಬ್ಬರ ತಿಳಿವಳಿಕೆಯೂ ಒಟ್ಟಿಗೆ ಬೇಕು. ಒಂದೇ ಪಂಚಾಯಿತಿಯ ಇಬ್ಬರನ್ನು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂರಿಸಲು ಹೊಸ ಯೋಜನೆಯೇನೂ ಬೇಡ.

ಫೋನಿನ ದಾರಿ ದೊಡ್ಡ ಸಾಧನೆಯೇ. 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸ್ ಸೇವೆಯ ಸಂಖ್ಯೆ ಅಕ್ಷರ ಬಾರದವರ ಬಾಯಲ್ಲೂ ಇದೆ. 2013ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ 104 ಆರೋಗ್ಯವಾಣಿ ಅಷ್ಟು ಮನೆಮಾತಾಗಿಲ್ಲ, ಆದರೆ ನಾನು ಮೇಲೆ ಎತ್ತಿದಂಥ ಪ್ರಶ್ನೆಗಳಿಗೆ ಹೊಂದುವ ವ್ಯವಸ್ಥೆ ಅದೇ. ಮನಸ್ಸಿನ ತೊಂದರೆಗೆ 2022ರಿಂದ ಟೆಲಿ ಮಾನಸ್‌ನ 14416 ಇದೆ. ಇವಕ್ಕೆಲ್ಲ ಎರಡು ಮಿತಿಗಳಿವೆ. ಕಿವಿ ಕೇಳಿಸದವರಿಗೆ ಮಾತಿನ ಸಹಾಯವಾಣಿ ಮುಚ್ಚಿದ ಬಾಗಿಲು. ಇನ್ನೊಂದು, ಫೋನು ಯಾರ ಕೈಯಲ್ಲಿದೆ ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಶೇ 62ರಷ್ಟು. ಅಂತರ್ಜಾಲವನ್ನು ಎಂದಾದರೂ ಬಳಸಿದವರು ಶೇ 35ರಷ್ಟು. ಆ ಮೇಲೆ ಈ ಸಂಖ್ಯೆ ಏರಿರಬಹುದು. ಆದರೂ ಜಾಲತಾಣಕ್ಕೆ ಹಾಕಿದ್ದೇವೆ ಎಂಬುದನ್ನು ಎಲ್ಲರಿಗೂ ತಿಳಿಸಿದ್ದೇವೆ ಎಂದು ಓದಲಾಗದು.

ಜಾಲತಾಣದಲ್ಲಿ ಕನ್ನಡಕ್ಕೇ ವಿಶಿಷ್ಟವಾದ ತೊಡಕೂ ಇದೆ. ಯುನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಅಂಧರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಆದೇಶವಂತೂ ಬರೀ ಚಿತ್ರ. ಅದರಲ್ಲಿ ಓದಿಸಲು ಅಕ್ಷರವೇ ಇಲ್ಲ. ಇಲಾಖೆಗಳು ಆದೇಶದ ಜೊತೆಗೆ ಅದರ ಯುನಿಕೋಡ್ ಪಠ್ಯವನ್ನೂ ಹಾಕಿದರೆ ಈ ತೊಂದರೆಯ ಬಹುಭಾಗ ಮುಗಿಯುತ್ತದೆ.

ಬರಹದ ಈ ತೊಡಕುಗಳಿಲ್ಲದ ಸಮುದಾಯ ರೇಡಿಯೊ ನಮ್ಮಲ್ಲಿ ಕಡಿಮೆ ಬಳಕೆಯಾದ ಸಾಧನ. ಮಂಗಳೂರಿನ ಸಾರಂಗ್ ಕೇಂದ್ರ ಕನ್ನಡದೊಂದಿಗೆ ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲೂ ಪ್ರಸಾರ ಮಾಡುತ್ತ ಬಂದಿದೆ. ಎಚ್.ಡಿ. ಕೋಟೆ ಸೀಮೆಯ ಸರಗೂರಿನಲ್ಲಿ ಜನಧ್ವನಿ ಕೇಂದ್ರವಿದೆ. ಲಿಪಿಯಿಲ್ಲದ ಮಾತನ್ನಾಡುವ ಆದಿವಾಸಿ ಹಾಡಿಗೆ, ತಾಂಡಾಕ್ಕೆ ಮುದ್ರಿತ ಕರಪತ್ರಕ್ಕಿಂತ ಸ್ವಂತ ಮಾತಿನ ದನಿ ಹೆಚ್ಚು ಉಪಯುಕ್ತ.

ಹೊರಗಿನ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2016ರಿಂದ ಒಂದು ಮಾನದಂಡವನ್ನು ಕಡ್ಡಾಯ ಮಾಡಿತು. ಅಂಗವಿಕಲತೆಯುಳ್ಳ ರೋಗಿಗೆ ಮಾಹಿತಿ ಯಾವ ರೂಪದಲ್ಲಿ ಬೇಕೆಂದು ಕೇಳಬೇಕು, ದಾಖಲಿಸಬೇಕು, ಕಡತ ತೆರೆದೊಡನೆ ಕಾಣುವಂತೆ ಗುರುತಿಸಬೇಕು, ಮುಂದಿನ ಆಸ್ಪತ್ರೆಗೂ ತಿಳಿಸಬೇಕು, ಆ ರೂಪದಲ್ಲೇ ಕೊಡಬೇಕು. ಬೇರೆ ಭಾಷೆಯವರ ಅಗತ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ ನಮಗೆ ಅದು ಇದ್ದಂತೆ ಒಗ್ಗದು. ಆದರೆ ಅದರ ಮೊದಲ ಹೆಜ್ಜೆ, ಎಂದರೆ ಕೇಳುವುದು, ಇಲ್ಲಿಯೂ ಸಾಧ್ಯ. ಓಪಿಡಿ ಚೀಟಿಯಲ್ಲೂ ತಾಯಿ ಕಾರ್ಡಿನಲ್ಲೂ ‘ಯಾವ ಭಾಷೆ, ಯಾವ ರೂಪ’ ಎಂಬ ಒಂದು ಸಾಲು ಸೇರಿಸಿದರೆ ಸಾಕು.

ಇದಕ್ಕೆಲ್ಲ ಹಣದ ದಾರಿಯೂ ಇದೆ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಗೊತ್ತುಮಾಡಿದೆ. ಅದರಲ್ಲಿ ಒಂದು ಪಾಲನ್ನು ಮೈಕಿನ ಘೋಷಣೆಗೆ, ಚಿತ್ರಫಲಕಕ್ಕೆ, ಊರಿನ ಮಾತುಗಳಲ್ಲಿ ಧ್ವನಿಮುದ್ರಣಕ್ಕೆ ಇಡಬೇಕು. ಫಲಕವನ್ನು ಆಸ್ಪತ್ರೆಯ ಒಳಗಷ್ಟೇ ಅಲ್ಲದೆ ಬಸ್ ನಿಲ್ದಾಣದಲ್ಲೂ ನ್ಯಾಯಬೆಲೆ ಅಂಗಡಿಯಲ್ಲೂ ಹಾಕಬೇಕು. ಅದರ ಕೆಳಗೆ ಮಾಹಿತಿಯನ್ನು ಕೊನೆಯ ಬಾರಿ ತಿದ್ದಿದ ತಾರೀಖು, ತಿದ್ದಿದವರ ಹುದ್ದೆ ಎರಡೂ ಇರಬೇಕು. ಈ ಎರಡು ಇಲ್ಲದ ಫಲಕವನ್ನು ತಪಾಸಣೆಗೆ ಬಂದ ಅಧಿಕಾರಿ ಒಪ್ಪಬಾರದು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ, ನಮ್ಮ ಫಲಕದಲ್ಲಿ ಇವೆರಡೂ ಇವೆಯೇ ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ.